ಓರೆಯಾಗಿ ಕೊಯ್ದ ಉಂಡೆ

ನಲವತ್ತೆರಡನೆಯ ವಯಸ್ಸಿನಲ್ಲಿ ಹತ್ತನೇ ತರಗತಿಯ ಪರೀಕ್ಷೆಗೆ ಕಟ್ಟಿದವಳು ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು. ಬೈಂದೂರಿನ ಸಂಜೆ ತರಗತಿಯಲ್ಲಿ ರಾಜೀವ ಮಾಷ್ಟ್ರು, ಚೆಂಡನ್ನು ಓರೆಯಾಗಿ ಕೊಯ್ದರೆ ಅಂಚು ಯಾವ ಆಕಾರ ಎಂದು ಕೇಳಿದಾಗ ನಾನೇ ಮೊದಲು ಹೇಳಿಬಿಟ್ಟೆ: "ಮೊಟ್ಟೆ ಹಾಂಗೆ ಉದ್ದ."

ಉಪ್ಪುಂದದಲ್ಲಿ ಹದಿನೆಂಟು ವರ್ಷದಿಂದ ಮೀನು ಕೊಯ್ದು ಮಾರುತ್ತಿದ್ದೇನೆ. ಅಂಜಲ್ ಮೀನನ್ನು ಓರೆಯಾಗಿ ಕೊಯ್ದರೆ ತುಂಡು ಉದ್ದವಾಗುತ್ತದೆ. ಗಿರಾಕಿಗಳಿಗೂ ಅದೇ ಇಷ್ಟ.

"ಹ್ವಾಯ್ ಚಂದ್ರಕ್ಕ, ಚೆಂಡಿಗೆ ತಲೆ ಯಾವ್ದ್, ಬಾಲ ಯಾವ್ದ್?" ಎಂದ ಹಿಂದಿನ ಬೆಂಚಿನ ಅನೂಪ್. ಎಲ್ಲರೂ ನಕ್ಕರು.

ಮಾಷ್ಟ್ರು ನಗಲಿಲ್ಲ. "ಹ್ಯಾಂಗ್ ಕೊಯ್ದ್ರೂ ವೃತ್ತವೇ. ಯಾಕಂದ್ ನಾಳೆ ನೀವೇ ಹೇಳಿ."

ಹೇಳಲಾಗದಿದ್ದರೆ ಇನ್ನು ತರಗತಿಗೆ ಹೋಗುವುದಿಲ್ಲವೆಂದು ಬಸ್ಸಿನಲ್ಲೇ ನಿಶ್ಚಯಿಸಿದೆ. ಮನೆಯಲ್ಲಿ ಕೇಳೋಣವೆಂದರೆ ಇರುವುದು ನಾನೊಬ್ಬಳೇ. ತೆಕ್ಕಟ್ಟೆಯಲ್ಲಿರುವ ತಂಗಿ ಸರಸಳಿಗೆ ಫೋನು ಮಾಡಿದೆ. "ಈ ಪ್ರಾಯದಗೆ ನಿಂಗ್ ಚೆಂಡ್ ಎಂತಕ್ಕೆ? ಉಂಡ್ಕಂಡ್ ಮನಿಕೋ" ಎಂದಳು.

ಬೆಳಿಗ್ಗೆ ಅಕ್ಕಿಹಿಟ್ಟನ್ನು ಗಟ್ಟಿಯಾಗಿ ಕಲಸಿ ಉಂಡೆ ಕಟ್ಟಿ, ಬಲೆಯ ನೈಲಾನ್ ದಾರದಿಂದ ಓರೆಯಾಗಿ ಕೊಯ್ದೆ. ಅಂಚು ಬಳೆಯಂತೆ ಉರುಟು. ಕೈ ತಪ್ಪಿರಬೇಕೆಂದು ಮತ್ತೆ ಕಟ್ಟಿದೆ, ಮತ್ತೆ ಕೊಯ್ದೆ. ಐದು ಸಲವೂ ಉರುಟೇ. ತುಂಡನ್ನು ತಿರುಗಿಸಿಟ್ಟರೆ ಓರೆ ಯಾವುದು, ನೇರ ಯಾವುದು ಎಂದು ನನಗೇ ತಿಳಿಯಲಿಲ್ಲ. ಅನೂಪ್ ಗೇಲಿ ಮಾಡಿದ್ದರೂ ಕೇಳಿದ್ದು ಸರಿಯಾದದ್ದನ್ನೇ. ತಲೆ ಬಾಲ ಇಲ್ಲದ ಮೇಲೆ ಓರೆ ಎಲ್ಲಿಂದ ಬರಬೇಕು?

ಆದರೆ ಕಂಡದ್ದು ಕಾರಣವಾಗುವುದಿಲ್ಲ. ಮೀನಿನ ಬುಟ್ಟಿ ಅಂಗಳದಲ್ಲೇ ಉಳಿಯಿತು. ಪುಸ್ತಕ ಬಿಡಿಸಿ ಕುಳಿತೆ.

ಸಂಜೆ ಹಲಗೆಯೆದುರು ನಿಂತಾಗ ಸೀಮೆಸುಣ್ಣ ಎರಡು ಸಲ ಮುರಿಯಿತು. "ಚೆಂಡಿನ ನಡು ಬಿಂದುವಿಂದ ಕೊಯ್ದ ಮುಖಕ್ಕೆ ಒಂದ್ ಲಂಬ ಇಳ್ಸುದ್. ಅದ್ ಮುಟ್ಟಿದ್ ಜಾಗದಿಂದ ಅಂಚಿಗೆ ಒಂದ್ ಗೆರೆ. ಅಂಚಿಂದ ವಾಪಸ್ ನಡು ಬಿಂದುವಿಗೆ ಇನ್ನೊಂದ್, ಅದ್ ಚೆಂಡಿನ ತ್ರಿಜ್ಯ. ಲಂಬಕೋನ ತ್ರಿಕೋನ ಆಯ್ತ್. ಅಂಚಿನ ಯಾವ ಬಿಂದು ಹಿಡ್ದ್ರೂ ತ್ರಿಜ್ಯ ಅಷ್ಟೇ, ಲಂಬವೂ ಅಷ್ಟೇ. ಹಂಗಾರೆ ಮೂರನೇ ಬದಿಯೂ ಅಷ್ಟೇ ಇರ್ಕ್. ಎಲ್ಲ ಕಡೆಗೂ ಒಂದೇ ದೂರ ಅಂದ್ರೆ ವೃತ್ತ."

ಮಾಷ್ಟ್ರು ಚಿತ್ರವನ್ನೇ ನೋಡುತ್ತಿದ್ದರು. ತಪ್ಪಿದೆನೆಂದೇ ನನಗನಿಸಿತು.

"ಯಾರ್ ಹೇಳಿಕೊಟ್ರ್?"

"ಯಾರೂ ಇಲ್ಲೆ, ಮಾಷ್ಟ್ರೆ."

ಅವರು ಚಿತ್ರದ ಪಕ್ಕ ಸರಿ ಗುರುತು ಹಾಕಿದರು. ನನ್ನ ಜಾಗಕ್ಕೆ ಬಂದು ಕೂತಾಗ ಅನೂಪ್ ಪುಸ್ತಕ ಹಿಡಿದುಕೊಂಡು ನನ್ನ ಬೆಂಚಿಗೆ ಸರಿದ.

"ಅಕ್ಕ, ಆ ಮೂರನೇ ಬದಿ ಇನ್ನೊಂದ್ ಸಲ ಹೇಳಿ. ನಂಗ್ ಗೊತ್ತಾಯ್ಲ."

ನಾನು ಅವನ ಪುಸ್ತಕದಲ್ಲಿ ಮೊದಲಿನಿಂದ ಬರೆಯತೊಡಗಿದೆ.