ನಿಂತಾಗಿನ ನಾಡಿ

ಶಾಲೆಯ ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರ ಹದಿನಾಲ್ಕು, ಬಟ್ಟೆ ಕತ್ತರಿಸುವ ಮೇಜು ಒಂದೇ. ಆ ಮೇಜು ಅವಳದು. ಮೂವತ್ತಾರು ವರ್ಷದ ಹೆಂಗಸನ್ನು ‘ಮಾಸ್ಟ್ರು’ ಎಂದು ಕರೆಯಲು ಶುರುಮಾಡಿದ್ದು ತಮಾಷೆಗೆ. ನಲವತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಸೀಮೆಸುಣ್ಣದ ಗೆರೆಯಿಂದ ಕೂದಲೆಳೆಯಷ್ಟೂ ಆಚೀಚೆ ಹೋಗದೆ ಯಂತ್ರದಿಂದ ಕತ್ತರಿಸುವುದನ್ನು ನೋಡನೋಡುತ್ತ ತಮಾಷೆ ತಾನಾಗಿ ಮರ್ಯಾದೆಯಾಯಿತು. ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ನಿಂತೇ ಕೆಲಸ. ಅವಳು ಕೂತದ್ದನ್ನು ಊಟದ ಹೊತ್ತು ಬಿಟ್ಟರೆ ಯಾರೂ ಕಂಡಿರಲಿಲ್ಲ.

ಒಂದು ವಾರ ಜ್ವರ ಬಂತು. ಜ್ವರವೇನೋ ಬಿಟ್ಟಿತು, ನಿಲ್ಲುವ ಶಕ್ತಿಯನ್ನು ಮಾತ್ರ ಜೊತೆಗೇ ಒಯ್ದಿತು. ಮೇಜಿನ ಮುಂದೆ ನಿಂತ ಐದೇ ನಿಮಿಷಕ್ಕೆ, ನಾಲ್ಕು ಮಹಡಿ ಓಡಿ ಹತ್ತಿದವರ ಹಾಗೆ ಎದೆ ಹೊಡೆದುಕೊಳ್ಳುತ್ತಿತ್ತು. ಪಾದಗಳು ನೇರಳೆಗೆ ತಿರುಗುತ್ತಿದ್ದವು, ಕಣ್ಣು ಕತ್ತಲೆ ಬರುತ್ತಿತ್ತು. ತಲೆಯೊಳಗೆ ಹತ್ತಿ ತುರುಕಿದಂತಾಗಿ, ಕೈಯಲ್ಲಿರುವ ತುಂಡು ಅಂಗಿಯ ಯಾವ ಭಾಗದ್ದೆಂದೇ ಮರೆತುಹೋಗುತ್ತಿತ್ತು. ಒಂದು ದಿನ ನಲವತ್ತು ಅಂಗಿಗೂ ಎರಡೆರಡು ಎಡತೋಳು ಕತ್ತರಿಸಿಟ್ಟಳು. ಮಾಲೀಕ ಬಂದು ನೋಡಿದ, ತೋಳುಗಳನ್ನು ಮಡಚಿಟ್ಟು ಹೋದ. ಬೈದಿದ್ದರೆ ವಾಸಿಯಿತ್ತು.

ಏಳು ತಿಂಗಳಲ್ಲಿ ಮೂವರು ಡಾಕ್ಟರು. ಎಲ್ಲರೂ ಮಲಗಿಸಿದರು, ಎದೆಗೆ ತಂತಿ ಅಂಟಿಸಿದರು, ಇಸಿಜಿ ಚೀಟಿ ತೆಗೆದರು. “ವಿಶ್ರಾಂತಿಯಲ್ಲಿ ನಾಡಿ ಎಪ್ಪತ್ತು. ನನ್ನ ಹೃದಯಕ್ಕಿಂತ ನಿಮ್ದೇ ಚೆನ್ನಾಗಿದೆ” ಎಂದು ಮೊದಲನೆಯವರು ನಕ್ಕರು. ಎರಡನೆಯವರು ಕಬ್ಬಿಣದ ಮಾತ್ರೆ ಬರೆದರು. ಮೂರನೆಯವರು “ಮನೇಲಿ ಏನಾದ್ರೂ ಟೆನ್ಶನ್ನಾ?” ಎಂದರು, ಪಕ್ಕದಲ್ಲಿ ಕೂತಿದ್ದ ಅತ್ತೆಯ ಕಡೆ ಒಮ್ಮೆ ನೋಡಿ.

ಆಟೋ ಹತ್ತಿದ ಮೇಲೂ ಅತ್ತೆಗೆ ಅದೇ ಉರಿ. “ಅವನು ನನ್ನ ಮುಖ ನೋಡ್ಕೊಂಡೇ ಕೇಳಿದ, ನೋಡಿದ್ಯಾ? ನಾನೇನು ನಿನ್ನ ಹುರಿದು ಮುಕ್ತಿದೀನಾ?”

ಅತ್ತೆ ಮೂವತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ನಾಲಿಗೆ ಹರಿತ, ಕೈ ಮೃದು. ರಿಪೋರ್ಟು ಎಂದರೆ ಅವರಿಗೆ ಕಲ್ಲಿನ ಮೇಲೆ ಬರೆದದ್ದು. ಅದೇ ಸಂಜೆ ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದರು: “ಕಾಯಿಲೆ ಏನಿಲ್ಲ ಕಣೇ. ಎಲ್ಲಾ ನಾರ್ಮಲ್ಲು. ಸ್ವಲ್ಪ ಮೈಗಳ್ಳತನ, ಅಷ್ಟೇ.”

ಗೋಡೆಯಾಚೆ ಮಲಗಿದ್ದ ಅವಳಿಗೆ ಅದು ಕೇಳಿಸಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇರಬಹುದೇನೋ ಎನಿಸಿತು. ಮಲಗಿದರೆ ಸುಖ, ಎದ್ದರೆ ಸಂಕಟ. ಮೈಗಳ್ಳರ ಲಕ್ಷಣವೂ ಇದೇ ತಾನೆ? ಹದಿನೈದು ವರ್ಷ ನಿಂತು ದುಡಿದ ಮೈಯನ್ನೇ ಅವಳು ಕಳ್ಳನನ್ನು ನೋಡುವ ಹಾಗೆ ನೋಡತೊಡಗಿದಳು. ಗಂಡ ಒಳ್ಳೆಯವನು. “ರೆಸ್ಟ್ ತಗೋ” ಎನ್ನುತ್ತಿದ್ದ. ಆ ಮಾತೂ ಚುಚ್ಚುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ, ಒಲೆಯ ಮೇಲೆ ಹಾಲಿಟ್ಟು ಅವಳು ನಡುಮನೆಯ ಮಂಚದಲ್ಲಿ ಅಡ್ಡಾಗಿದ್ದಳು. “ಕೊಡಿಲ್ಲಿ ಕೈ. ಯಂತ್ರದ ಮಾತು ಬಿಡು, ನಾನೇ ನೋಡ್ತೀನಿ” ಎಂದು ಅತ್ತೆ ಹತ್ತಿರ ಕೂತು, ಗಡಿಯಾರ ನೋಡುತ್ತ ನಾಡಿ ಎಣಿಸಿದರು.

“ಎಪ್ಪತ್ತೆರಡು. ನೋಡು, ನಾನು ಹೇಳ್ಲಿಲ್ವಾ? ತಡಿ, ಇನ್ನೊಂದ್ಸಲ ಎಣಿಸ್ತೀನಿ.”

ಅಷ್ಟರಲ್ಲಿ ಅಡುಗೆಮನೆಯಿಂದ ಹಾಲು ಉಕ್ಕಿದ ಸದ್ದು. ಅವಳು ದಡಕ್ಕನೆ ಎದ್ದಳು. ಎಣಿಕೆ ಅರ್ಧಕ್ಕೆ ಬಿಡುವ ಜಾಯಮಾನ ಅತ್ತೆಯದಲ್ಲ. ಮಣಿಕಟ್ಟು ಹಿಡಿದುಕೊಂಡೇ ಹಿಂದೆ ನಡೆದರು. ಅವಳು ಇನ್ನೊಂದು ಕೈಯಿಂದ ಒಲೆ ಆರಿಸಿದಳು. ಅತ್ತೆಯ ತುಟಿ ಅಲ್ಲಾಡುವುದು ನಿಂತಿತ್ತು.

“ಅಲ್ಲಾಡಬೇಡ. ಹಾಗೇ ನಿಂತ್ಕೋ.”

ಮತ್ತೆ ಮೊದಲಿಂದ ಎಣಿಸಿದರು. ನೂರ ಇಪ್ಪತ್ತಾರು. ಗಡಬಡಿಸಿ ಎದ್ದದ್ದಕ್ಕಿರಬಹುದು ಎಂದು ಕಾದರು. ಐದು ನಿಮಿಷಕ್ಕೆ ನೂರ ಮೂವತ್ತೊಂದು. ಹತ್ತು ನಿಮಿಷಕ್ಕೆ ನೂರ ಮೂವತ್ತನಾಲ್ಕು. ಸೊಸೆಯ ಮುಖ ಸುಣ್ಣದಂತಾಗಿತ್ತು. ಕೈಹಿಡಿದು ಕರೆತಂದು ಮಲಗಿಸಿದರು. ಕಾಲು ಗಂಟೆಯಲ್ಲಿ ನಾಡಿ ಎಪ್ಪತ್ನಾಲ್ಕಕ್ಕೆ ಇಳಿಯಿತು. ಉಕ್ಕಿದ ಹಾಲು ಒಲೆಯ ಮೇಲೆ ಒಣಗುತ್ತಿತ್ತು, ಒರೆಸುವ ಯೋಚನೆ ಇಬ್ಬರಿಗೂ ಬರಲಿಲ್ಲ.

“ಮೂವತ್ತು ವರ್ಷ ನಾಡಿ ಹಿಡಿದಿದೀನಿ,” ಅತ್ತೆ ಅಂದರು. “ಎಲ್ಲಾ ಮಲಗಿದ್ದವರದ್ದೇ.”

ಮಾರನೆಯ ದಿನದಿಂದ ಒಂದು ವಾರ, ಬೆಳಗ್ಗೆ ಸಂಜೆ, ಮಲಗಿದಾಗ ಎಷ್ಟು, ನಿಂತಾಗ ಎಷ್ಟು ಎಂದು ಅತ್ತೆ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಗೆರೆ ಎಳೆದು ಬರೆದರು. ಆ ಹಾಳೆಯನ್ನು ಮಡಚಿಕೊಂಡು, ಸೊಸೆಯನ್ನು ಕರೆದುಕೊಂಡು ಹೃದಯದ ಬಡಿತಕ್ಕೆಂದೇ ಇದ್ದ ಡಾಕ್ಟರ ಹತ್ತಿರ ಹೋದರು. ಆ ಡಾಕ್ಟರಮ್ಮ ಹಾಳೆಯನ್ನು ಎರಡು ಸಲ ಓದಿದರು.

“ಇದನ್ನ ಬರೆದದ್ದು ಯಾರು?”

“ನಾನೇ. ಯಾಕೆ, ತಪ್ಪಿದ್ಯಾ?”

“ತಪ್ಪಿಲ್ಲಮ್ಮ. ನಾನು ಮಾಡಿಸ್ಬೇಕಾದ ಪರೀಕ್ಷೇನ ನೀವು ಮನೇಲೇ ಮುಗಿಸಿದೀರಿ.”

ಆದರೂ ಅವರದೊಂದು ಪರೀಕ್ಷೆ ಆಯಿತು. ಅವಳನ್ನು ಹಲಗೆಗೆ ಪಟ್ಟಿ ಬಿಗಿದು ಮಲಗಿಸಿ, ಹಲಗೆಯನ್ನೇ ನಿಧಾನವಾಗಿ ಎತ್ತಿ ನಿಲ್ಲಿಸಿದರು. ರಕ್ತದೊತ್ತಡ ಇಳಿಯಲಿಲ್ಲ, ಬಡಿತ ಮಾತ್ರ ಕ್ಯಾಲೆಂಡರಿನ ಲೆಕ್ಕದಂತೆಯೇ ಏರಿತು.

“ನಾವು ಎದ್ದು ನಿಂತಾಗ ರಕ್ತ ಕಾಲಿಗಿಳಿಯತ್ತೆ,” ಡಾಕ್ಟರು ವಿವರಿಸಿದರು. “ಅದನ್ನ ಮೇಲಕ್ಕೆ ತಳ್ಳೋ ನರಗಳು ನಮ್ಮನ್ನ ಕೇಳದೆ ತಮ್ಮಷ್ಟಕ್ಕೆ ತಾವು ಕೆಲಸ ಮಾಡ್ತವೆ. ನಿಮ್ಮಲ್ಲಿ ಅವು ದಾರಿ ತಪ್ಪಿವೆ. ಅದಕ್ಕೇ ಹೃದಯ ಓಡಿ ಓಡಿ ಸರಿದೂಗಿಸ್ತಿದೆ. ಜ್ವರದ ಮೇಲೆ ಕೆಲವರಿಗೆ ಹೀಗಾಗತ್ತೆ. ಜೀವಕ್ಕೇನೂ ಅಪಾಯ ಇಲ್ಲ. ಪಾಟ್ಸ್ ಅಂತಾರೆ ಇದಕ್ಕೆ.”

“ಪಾಟಾ?” ಅತ್ತೆ ಹುಬ್ಬೇರಿಸಿದರು. “ಹೂವಿನ ಗಿಡ ಇಡ್ತಾರಲ್ಲ, ಅದಾ?”

ಡಾಕ್ಟರು ನಕ್ಕರು. ಅವಳೂ ನಕ್ಕಳು, ಎಷ್ಟೋ ತಿಂಗಳ ಮೇಲೆ.

ಹೊರಗೆ ಬೆಂಚಿನ ಮೇಲೆ ಕೂತಾಗ ಆ ನಗು ಅಳುವಾಯಿತು. ಕಾಯಿಲೆ ಇದೆ ಎಂದು ಯಾರಾದರೂ ಸಂತೋಷಪಡುತ್ತಾರೆಯೇ? ತನ್ನ ಸಂತೋಷಕ್ಕೆ ಅವಳಿಗೇ ನಾಚಿಕೆಯಾಯಿತು. ಎದುರಿಗಿದ್ದವರು ಏನೋ ಕೆಟ್ಟ ಸುದ್ದಿ ಇರಬೇಕೆಂದು ಮುಖ ತಿರುಗಿಸಿಕೊಂಡರು.

ಅತ್ತೆ “ನಾನು...” ಎಂದು ಶುರುಮಾಡಿದವರು, ಮಾತು ಅಲ್ಲಿಗೇ ಬಿಟ್ಟು ಚೀಲದಿಂದ ಫೋನು ತೆಗೆದು ಅಲ್ಲೇ, ಸೊಸೆಯ ಎದುರಿಗೇ, ಮಗಳಿಗೆ ಹಚ್ಚಿದರು.

“ನಿನ್ನ ಅತ್ತಿಗೇಗೆ ಮೈಗಳ್ಳತನ ಅಂದಿದ್ನಲ್ಲ, ಅದು ತಪ್ಪು. ಅವಳಿಗೆ ನಿಜವಾಗ್ಲೂ ಕಾಯಿಲೆ ಇದೆ. ಹೂಂ, ನನ್ನದೇ ತಪ್ಪು. ಎರಡು ಸಲ ಹೇಳಿಸ್ಬೇಡ, ಫೋನಿಡು.”

ಅವಳು ಅತ್ತೆಯ ಭುಜಕ್ಕೆ ತಲೆ ಒರಗಿಸಿದಳು. ಅತ್ತೆ ಬೇಡವೆನ್ನಲಿಲ್ಲ.

ಕಾಯಿಲೆ ಹೋಗಲಿಲ್ಲ. ದಿನಕ್ಕೆ ಮೂರು ಲೀಟರು ನೀರು, ಡಾಕ್ಟರು ಹೇಳಿದಷ್ಟು ಹೆಚ್ಚು ಉಪ್ಪು, ಸೊಂಟದವರೆಗೆ ಬಿಗಿಯುವ ಕಾಲುಚೀಲ, ಮಲಗಿಕೊಂಡೇ ಮಾಡುವ ವ್ಯಾಯಾಮ. ಆ ಕಾಲುಚೀಲ ಏರಿಸುವುದರಲ್ಲೇ ಅರ್ಧ ಜೀವ ಹೋಗುತ್ತಿತ್ತು. ಕಾರ್ಖಾನೆಗೆ ಮರಳಿದಾಗ ಮಾಲೀಕ ಅವಳ ಮುಖ ನೋಡದೆ, “ಮಾಸ್ಟ್ರೇ, ಎತ್ತರದ ಸ್ಟೂಲು ಮಾಡಿಸಿದೀನಿ. ಬೇಡ ಅಂದ್ರೆ ಒಳಗಿಡಿಸ್ತೀನಿ” ಎಂದ.

ಮೊದಲ ವಾರ ಅದು ಮೂಲೆಯಲ್ಲೇ ಇತ್ತು. ಕತ್ತರಿಸುವ ಯಂತ್ರ ದೂಡಲು ಬಲ ಬರುವುದು ಭುಜದಿಂದ. ಕೂತವರಿಗೆ ಮೇಜಿನ ಆಚೆ ತುದಿ ಎಟುಕುವುದಿಲ್ಲ. ಎರಡನೆಯ ವಾರ ಗೆರೆ ಹಾಕುವುದನ್ನು ಕೂತು ಮಾಡಿದಳು. ಆಮೇಲೆ ಹತ್ತು ನಿಮಿಷ ನಿಂತು ಕತ್ತರಿಸುವುದು, ಹತ್ತು ನಿಮಿಷ ಕೂರುವುದು. ಮೊದಲಿನಷ್ಟು ಬಟ್ಟೆ ಸಾಗುತ್ತಿರಲಿಲ್ಲ. ಕೆಲವು ದಿನ ಹಾಸಿಗೆಯಿಂದಲೇ ಏಳಲಾಗುತ್ತಿರಲಿಲ್ಲ. ಆ ದಿನ “ಇವತ್ತು ಆಗಲ್ಲ” ಎಂದು ಫೋನು ಮಾಡಿ ಸುಮ್ಮನೆ ಮಲಗುವುದನ್ನು ಅವಳು ಕಲಿತಳು. ಹಾಗೆ ಮಲಗಲು ಕಲಿಯುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು.

ಮಳೆಗಾಲದ ಹೊತ್ತಿಗೆ ಗುಂಡಿಯ ಕಾಜ ಹೊಲಿಯಲು ಹೊಸಬರೊಬ್ಬರು ಸೇರಿದರು, ಐವತ್ತು ದಾಟಿದ ಹೆಂಗಸು. ಎಲ್ಲೆಲ್ಲೋ ಕೆಲಸ ಮಾಡಿ ಬಂದವರು. ಸ್ಟೂಲಿನ ಮೇಲಿದ್ದ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಕೂತು ಕತ್ತರಿಸೋ ಮಾಸ್ಟ್ರನ್ನ ನಾನು ಇದೇ ಮೊದಲು ನೋಡಿದ್ದು” ಎಂದರು.

“ನನಗೆ ಜಾಸ್ತಿ ಹೊತ್ತು ನಿಂತ್ರೆ ಎದೆ ಓಡತ್ತೆ,” ಅವಳು ಸೀಮೆಸುಣ್ಣ ಕೆಳಗಿಟ್ಟಳು. “ಅದಕ್ಕೆ ಕೂತಿದೀನಿ. ಬನ್ನಿ, ಆ ಕಡೆ ತುದಿ ಹಿಡ್ಕೊಳ್ಳಿ.”

ಹೆಂಗಸು ಬಂದು ತುದಿ ಹಿಡಿದರು. ಇಬ್ಬರೂ ಸೇರಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಾಸಿದರು.