ಚಿಕ್ಕಮ್ಮ ಕುಡಿಸಿದ ಬೇರು

ಹುಣ್ಣು, ಕೀವು ಅಂದರೆ ಬೀದಿಯವರೆಲ್ಲ ಚಿಕ್ಕಮ್ಮನ ಬಾಗಿಲು ತಟ್ಟುತ್ತಿದ್ದರು. ಆಕೆ ಹಿತ್ತಲ ಬಳ್ಳಿಯ ಬೇರು ಜಜ್ಜಿ ಕಷಾಯ ಕುದಿಸಿ ಕೊಡುತ್ತಿದ್ದಳು. ತಾಯಿಯಿಲ್ಲದ ನನ್ನನ್ನು ಸಾಕಿ, ಪ್ರಯೋಗಾಲಯದ ಕೆಲಸ ಹಿಡಿಯುವವರೆಗೆ ಓದಿಸಿದವಳೂ ಅವಳೇ.

"ನಿಮ್ಮ ಗಾಜಿನ ತಟ್ಟೇಲಿ ನನ್ನ ಬೇರನ್ನೂ ಒಂದ್ಸಲ ಹಾಕಿ ನೋಡೇ" ಎಂದು ಅವಳೇ ಒಂದು ಗಂಟು ಕೊಟ್ಟಳು.

ಕೀವಿನ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ ಬೇರಿನ ಸಾರ ಬಿಟ್ಟೆ. ಮರುದಿನ ಅದರ ಸುತ್ತ ನಾಣ್ಯದಗಲ ತಿಳಿಯಾಗಿತ್ತು. ಅಲ್ಲೊಂದು ಕ್ರಿಮಿಯೂ ಉಳಿದಿರಲಿಲ್ಲ.

"ನೋಡಿದ್ಯಾ, ಓದಿದ ನಿನಗಿಂತ ಓದದ ನಾನೇ ಜಾಣೆ" ಎಂದು ಚಿಕ್ಕಮ್ಮ ಬೀಗಿದಳು.

ಆಮೇಲೆ ಸಾರದಲ್ಲಿ ವಿಷವಿದೆಯೇ ಎಂಬ ಪರೀಕ್ಷೆ. ದಿನವೂ ಸಾರ ಕುಡಿಸಿದ ಹತ್ತು ಬಿಳಿ ಇಲಿಗಳು ಎರಡು ವಾರ ಚೆನ್ನಾಗಿಯೇ ಇದ್ದವು. ಮೂರನೆಯ ವಾರ ಆಹಾರ ಬಿಟ್ಟು ಮೂಲೆ ಸೇರಿದವು. ತಿಂಗಳೊಳಗೆ ಎಂಟು ಸತ್ತವು. ಬರೀ ನೀರು ಕುಡಿಸಿದ ಹತ್ತೂ ಗಟ್ಟಿಮುಟ್ಟಾಗಿದ್ದವು.

ನಾನು ಮನೆಗೆ ಬಂದಾಗ ಕಷಾಯ ಕುದಿಯುತ್ತಿತ್ತು. ಒಲೆ ಆರಿಸಿ, ಇದ್ದದ್ದು ಹೇಳಿದೆ.

"ಇಲಿಗೂ ಮನುಷ್ಯರಿಗೂ ಒಂದೇನಾ?" ಎಂದು ರೇಗಿದಳು. ಕಷಾಯದ ಪಾತ್ರೆ ಕೆಳಗಿಳಿಸುತ್ತಾ ಕೇಳಿದಳು, "ಸಾಯೋ ಮುಂಚೆ ಹೇಗಿದ್ವು?"

"ಕಿವಿ, ಪಾದ ಎಲ್ಲಾ ಹಳದಿಯಾಗಿತ್ತು. ಲಿವರ್ ಹೋಗಿತ್ತು."

ಅವಳು ಒಲೆಯ ಮುಂದೆ ಕೂತಳು. "ನಿಮ್ಮ ಚಿಕ್ಕಪ್ಪನೂ ಹಾಗೇ ಹೋದ್ರು ಕಣೇ."

ಚಿಕ್ಕಪ್ಪ ಕಾಮಾಲೆಯಿಂದ ಸತ್ತು ಆರು ವರ್ಷವಾಗಿತ್ತು. ಹೆಂಡವನ್ನೇ ಮುಟ್ಟದವರಿಗೆ ಜನ ಕುಡುಕನ ಪಟ್ಟ ಕಟ್ಟಿದ್ದರು.

"ಕಾಲಿನ ಹುಣ್ಣು ಬೇಗ ವಾಸಿ ಆಗ್ಲಿ ಅಂತ ಎರಡೆರಡು ಲೋಟ. ಬೇಡ ಅಂದ್ರೂ ಬೈದು ಕುಡಿಸ್ದೆ."

"ನಿನಗೆ ಗೊತ್ತಿರಲಿಲ್ಲ ಚಿಕ್ಕಮ್ಮ."

"ಈಗ ಗೊತ್ತಾಯ್ತಲ್ಲ." ಕಣ್ಣೊರೆಸಿಕೊಂಡು ಎದ್ದಳು. "ಈಗ ಕುಡೀತಿರೋರು ಹನ್ನೊಂದು ಜನ. ನಡಿ."

ಪ್ರತಿ ಮನೆಯಲ್ಲೂ ತಾನೇ ಬಾಯಿಬಿಟ್ಟು ಹೇಳಿದಳು: "ನಾನು ಕೊಟ್ಟಿದ್ದು ಚೆಲ್ಲಿ. ಆಸ್ಪತ್ರೆಗೆ ಹೋಗಿ." ಕೆಲವರು ನಕ್ಕರು. ನಮ್ಮ ಬೀದಿಯ ಟೈಲರ್ ಮಾತ್ರ ಹಾಸಿಗೆ ಹಿಡಿದಿದ್ದ. ಅವನ ಕಣ್ಣು ಆಗಲೇ ಹಳದಿಯಾಗಿತ್ತು. ಅಂದೇ ಆಸ್ಪತ್ರೆಗೆ ಸೇರಿಸಿದೆವು. ಒಂಬತ್ತು ದಿನವಷ್ಟೇ ಬದುಕಿದ.

ಹೆಣದ ಮುಂದೆ ಅವನ ಹೆಂಡತಿ ಚಿಕ್ಕಮ್ಮನ ಕೆನ್ನೆಗೆ ಹೊಡೆದಳು. ನಾನು ಅಡ್ಡ ಹೋದರೆ ಚಿಕ್ಕಮ್ಮ ನನ್ನನ್ನೇ ಪಕ್ಕಕ್ಕೆ ಸರಿಸಿದಳು.

ಉಳಿದ ಹತ್ತು ಜನರ ರಕ್ತ ಪರೀಕ್ಷೆ ಮಾಡಿಸಿದೆವು. ಇಬ್ಬರ ಲಿವರ್ ಕೆಟ್ಟಿತ್ತು. ಕಷಾಯ ಬಿಟ್ಟ ಮೇಲೆ ಸುಧಾರಿಸಿಕೊಂಡರು. ಚಿಕ್ಕಮ್ಮ ಅವರನ್ನು ಉಳಿಸಿದಳೆಂದು ಯಾರೂ ಅನ್ನಲಿಲ್ಲ. ಅವಳಿಗೂ ಹಾಗನ್ನಿಸಲಿಲ್ಲ.