ದಿಲ್ಲಿಗೆ ಹೋಗುವ ಹೆಸರು

ಅತ್ತೆಯ ಕಾಲ್ಬೆರಳ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಉಣ್ಣೆಯ ಎಳೆಯನ್ನು ಬಿಡಿಸುತ್ತಿದ್ದಾಗ ಹೊರಗಿನ ಮಾತು ಹಣಮವ್ವನ ಕಿವಿಗೆ ಬಿತ್ತು. ಕೈಯಲ್ಲಿದ್ದ ತಂಬಿಗೆ ವಾಲಿ, ಹೆಣದ ಮೇಲೆ ಬೀಳಬೇಕಾದ ಬಿಸಿನೀರು ಅವಳ ಮೊಣಕಾಲ ಮೇಲೆ ಬಿತ್ತು. ಸುಟ್ಟದ್ದು ಗೊತ್ತಾಗಲಿಲ್ಲ.

ಕಟ್ಟೆಯ ಮೇಲೆ ದೊಡ್ಡಮಾವ ಬೀರಣ್ಣ ಓಣಿಯ ಹಿರಿಯರಿಗೆ ಹೇಳುತ್ತಿದ್ದ:

"ಎರಡು ವರ್ಷ ಆತು. ಬರಾವ ಇದ್ದಿದ್ರ ಬರ್ತಿದ್ದ. ತಾಯಿ ದುಃಖದ ಜೋಡಿ ಮಗನ ದುಃಖಾನೂ ಒಂದೇ ದಿನಕ್ಕ ಮುಗಿಸಿಬಿಡೂಣು. ಮಗನ ಹೆಗಲು ನಾ ಕೊಡತೇನಿ. ಹೆಣ ಎದ್ದ ಮ್ಯಾಲೆ ಹೆಣ್ಮಕ್ಕಳು ಆಕಿ ಬಳಿ ಒಡೀಲಿ."

ಅವನು ಹೇಳುತ್ತಿದ್ದದ್ದು ಹಣಮವ್ವನ ಗಂಡನ ವಿಷಯ. ಗದ್ದಲದ ವರ್ಷ, ಆಳಂದದ ಸುತ್ತಲ ಹಳ್ಳಿಗಳು ಹಗಲೇ ಅಗಳಿ ಹಾಕಿಕೊಳ್ಳುತ್ತಿದ್ದ ದಿನಗಳಲ್ಲಿ, ಹನ್ನೆರಡು ಕಂಬಳಿ ಹೊತ್ತುಕೊಂಡು ಸೊಲ್ಲಾಪುರದ ಸಂತೆಗೆ ಹೋದವನು ತಿರುಗಿ ಬಂದಿರಲಿಲ್ಲ. ಸತ್ತನೆಂದು ಹೇಳಿದವರಿಲ್ಲ, ಇದ್ದಾನೆಂದು ಕಂಡವರಿಲ್ಲ. ನಿಜಾಮನ ಆಳ್ವಿಕೆ ಹೋಯಿತು, ಹೊಸ ಸರ್ಕಾರ ಬಂತು. ಅತ್ತೆ ನಿಂಬೆವ್ವ ಮಾತ್ರ ದಿನಾ ಮಗನಿಗೆಂದು ಒಂದು ರೊಟ್ಟಿ ಹೆಚ್ಚಿಗೆ ಬಡಿಯುವುದನ್ನು ಬಿಡಲಿಲ್ಲ. ಈಗ ಮೂರು ದಿನದ ಜ್ವರಕ್ಕೆ ಅವಳೇ ಹೋಗಿಬಿಟ್ಟಿದ್ದಳು.

ಪಕ್ಕದ ಮನೆಯ ಪೀರಬಿ ಸೀರೆಯ ಮರೆ ಹಿಡಿದು ನಿಂತಿದ್ದಳು. ಓಣಿಗೆಲ್ಲ ಬಳೆ ತೊಡಿಸುವವಳು ಅವಳೇ. ಗದ್ದಲದಲ್ಲಿ ನಿಂಬೆವ್ವನ ಮನೆಯವರು ಅವಳ ಬಳೆಪೆಟ್ಟಿಗೆಗಳ ಹಿಂದೆ ಅಡಗಿ ಮಲಗಿದ್ದರು. ಮರುವರ್ಷ ಗಾಳಿ ತಿರುಗಿದಾಗ ಅವಳು ಇವರ ಉಣ್ಣೆಯ ರಾಶಿಯ ಹಿಂದೆ ಮಲಗಿದ್ದಳು. ಯಾರೂ ಯಾರಿಗೂ ಉಪಕಾರವೆಂದು ಹೇಳಿಕೊಂಡಿರಲಿಲ್ಲ. ಪೀರಬಿಯ ಕಣ್ಣು ಹಣಮವ್ವನ ಹಸಿರು ಬಳೆಗಳ ಮೇಲೆ ಹೋಗಿ, ಸುಟ್ಟುಕೊಂಡಂತೆ ಹಿಂದಕ್ಕೆ ಬಂತು.

"ನೀರು ಹಾಕಬೇ," ಎಂದಳು ಮೆಲ್ಲಗೆ. "ಕೈ ನಡುಗೂದು ಅವರಿಗಿ ತೋರಸಬ್ಯಾಡ."

*

ಕೆಲವು ತಿಂಗಳ ಹಿಂದೆ, ಹೆಸರುಗಳ ಯಾದಿ ಬರೆಯಲು ಸರ್ಕಾರದ ಕಾರಕೂನ ದತ್ತಪ್ಪ ಮೊದಲ ಸಲ ಓಣಿಗೆ ಬಂದಾಗ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ಯಾದಿಯೆಂದರೆ ಏನೆಂದು ಆಳಂದಕ್ಕೆ ಚೆನ್ನಾಗಿ ಗೊತ್ತಿತ್ತು: ಯಾರ ಹೆಸರು ಕಾಗದಕ್ಕೆ ಹೋಗುತ್ತದೋ ಅವರ ಅಂಗಳಕ್ಕೆ ಬೂಟು ಬರುತ್ತದೆ. ಪೀರಬಿಯಂತೂ ಹಿತ್ತಲ ಗೋಡೆ ದಾಟಿದ್ದಳು. ನಿಂಬೆವ್ವನೊಬ್ಬಳೇ ಕಟ್ಟೆಯ ಮೇಲೆ ಕದಿರು ತಿರುಗಿಸುತ್ತ ಕೂತಿದ್ದಳು. ಒಲೆಯ ಮುಂದೆ, ಹಾದಿಯಲ್ಲಿ, ಹೆರಿಗೆಯ ಬೇನೆಯಲ್ಲೂ ಉಣ್ಣೆ ನೂತವಳೆಂದು ಅವಳನ್ನು ಓಣಿ ಆಡಿಕೊಂಡು ನಗುತ್ತಿತ್ತು.

ದತ್ತಪ್ಪ ಬೆವರೊರೆಸಿಕೊಂಡು ತಿಳಿಸಿ ಹೇಳಿದ. ಇದು ಹಿಡಿಯುವವರ ಯಾದಿಯಲ್ಲ, ಓಟಿನ ಯಾದಿ. ಆಳಂದದ ಪೇಟೆ, ಆಚೆಯ ಶಹರ, ನಡುವಿನ ಊರುಗಳು ಎಲ್ಲ ಕೂಡಿ ಒಂದು ಕ್ಷೇತ್ರ ಮಾಡುತ್ತಾರಂತೆ. ಅಷ್ಟೂ ಮಂದಿಯ ಪರವಾಗಿ ಒಬ್ಬ ಮನುಷ್ಯ ದಿಲ್ಲಿಯ ದೊಡ್ಡ ಸಭೆಗೆ ಹೋಗಿ ಕೂಡುತ್ತಾನೆ, ಮಾತಾಡುತ್ತಾನೆ.

ಕದಿರು ನಿಂತಿತು. ಆ ಮನುಷ್ಯನ ಕೈಯಲ್ಲಿ ಈ ಯಾದಿ ಇರುತ್ತದೆಯೇ ಎಂದು ನಿಂಬೆವ್ವ ಕೇಳಿದಳು. ಇರುತ್ತದೆ ಎಂದ. ನಮ್ಮ ಪರವಾಗಿ ಮಾತಾಡುವುದೆಂದರೆ, ಎದ್ದು ನಿಂತು ಒಂದೊಂದೇ ಹೆಸರು ಕೂಗಿ ಕೇಳುತ್ತಾನೆಯೇ? ದತ್ತಪ್ಪನಿಗೆ ಇನ್ನೂ ಅರವತ್ತು ಮನೆ ಉಳಿದಿದ್ದವು. ಹೌದೆಂದುಬಿಟ್ಟ.

"ಹಂಗಾದ್ರ ಬರಕೋ. ಚಂದ್ರಾಮಪ್ಪ. ನನ್ನ ಮಗ. ಸೊಲ್ಲಾಪುರಕ್ಕ ಹೋಗ್ಯಾನ, ಸಂಜಿಗಿ ಬರ್ತಾನ."

ಕಾರಕೂನ ಹೋದ ಮೇಲೆ ಕದ ಹಿಡಿದು ನಿಂತಿದ್ದ ಸೊಸೆಯ ಕಡೆ ತಿರುಗಿದಳು. "ಯಾಕ ಅಂಜತಿ? ಆಳಂದದಾಗ ನಾ ಎಷ್ಟು ಒದರಿದ್ರೂ ಹಳ್ಳ ದಾಟಂಗಿಲ್ಲ. ದಿಲ್ಲಿಯಾಗ ನಿಂತು ಕೂಗಿದ್ರ ಅಂವ ಎಲ್ಲಿದ್ರೂ ಕೇಳತದ."

*

ಹೆಣಕ್ಕೆ ಭಂಡಾರದ ಅರಿಶಿನ ಹಚ್ಚಿ, ಸೀರೆ ಉಡಿಸಿ, ಅಂಗಳದ ಚಟ್ಟದ ಮೇಲೆ ಮಲಗಿಸಿದ್ದರು. ಆಗಲೇ ದತ್ತಪ್ಪ ಬಗಲಲ್ಲಿ ಯಾದಿ ಹಿಡಿದು ಓಣಿಯ ತಿರುವಿನಲ್ಲಿ ಕಂಡ. ಅಳುತ್ತಿದ್ದ ಹೆಂಗಸರು ಸರಿದು ದಾರಿ ಬಿಟ್ಟರು. ಚಪ್ಪಲಿ ದೂರದಲ್ಲೇ ಕಳಚಿ, ಹೆಣಕ್ಕೆ ಕೈಮುಗಿದು, ಅವನು ಸಂಕೋಚದಿಂದ ಬೀರಣ್ಣನ ಮುಖ ನೋಡಿದ. ಯಾದಿ ತಿದ್ದಲು ಇವತ್ತೇ ಕಡೆಯ ದಿನ. ತೀರಿಕೊಂಡವರ ಹೆಸರು ತೆಗೆಯಬೇಕು. ಇನ್ನೊಂದು ಹೆಸರಿನ ಮೇಲೆ ತಕರಾರು ಬಂದಿದೆ.

ತಕರಾರು ಕೊಟ್ಟವನು ಬೀರಣ್ಣನೇ. ಮುಚ್ಚಿಡಲಿಲ್ಲ. "ಸರ್ಕಾರ ಬದಲಾಗ್ಯದ, ಯಾದಿ ಬದಲಾಗ್ಯದೇನು?" ಎಂದ. "ಇಲ್ಲದವನ್ನ ಅದಾನ ಅಂತ ಬರಸ್ಯಾಳ ನಮ್ಮಾಕಿ. ನಾಳಿ ಖಟ್ಲೆ ಆದ್ರ ಮನಿಮಂದೀನೆಲ್ಲ ಎಳಕೊಂಡು ಹೋಗತಾರ. ಗೀಟು ಹೊಡೀರಿ ಸಾಹೇಬ."

ಮಗನಿದ್ದಾನೆಂದು ಹೇಳಿದವಳೇ ಈಗ ಇಲ್ಲ, ಎಂದ ದತ್ತಪ್ಪ. ಮನೆಯವರು ಯಾರಾದರೂ ಹೆಸರನ್ನು ಬಾಯಿಬಿಟ್ಟು ಹೇಳಿ, ಜೀವಂತ ಇದ್ದಾನೆಂದು ಹೆಬ್ಬೆಟ್ಟು ಒತ್ತಬೇಕು. ಸುಳ್ಳಾದರೆ ಒತ್ತಿದವರ ಮೇಲೆ ಖಟ್ಲೆ.

"ನಾ ಹೇಳತೇನ್ರಿ," ಎಂದಳು ಪೀರಬಿ. ಯಾದಿಗೆ ಹೆದರಿ ಗೋಡೆ ದಾಟಿದ್ದ ಪೀರಬಿ.

"ಮನಿಯವರೇ ಆಗಬೇಕವ್ವ."

ಎಲ್ಲರ ಕಣ್ಣೂ ಹಣಮವ್ವನ ಮೇಲೆ ಬಂದು ನಿಂತವು. ಅವಳು ಕದದ ಹಿಂದೆ ನಿಂತಿದ್ದಳು. ಗೀಟೆಳೆದರೆ ಅವನು ಸತ್ತಂತೆ. ಇನ್ನು ಗಳಿಗೆಯಲ್ಲಿ ಬಳೆ ಒಡೆಯುತ್ತವೆ. ಗೀಟು ತಪ್ಪಿಸಬೇಕೆಂದರೆ ಅವನ ಹೆಸರು ಹೇಳಬೇಕು. ಗಂಡನ ಹೆಸರು ಬಾಯಿಂದ ಬಿದ್ದಷ್ಟು ಸಲ ಅವನ ಆಯುಷ್ಯ ಒಂದೊಂದು ಗೇಣು ಕಡಿಮೆಯಾಗುತ್ತದೆಂದು ತವರೂರು ಕರಜಗಿಯ ಅಜ್ಜಿ ಅವಳಿಗೆ ಎಣ್ಣೆ ಹಚ್ಚುತ್ತ ಹೇಳಿಕೊಟ್ಟಿದ್ದಳು. ಕತೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಣಿಯಲ್ಲಿರುತ್ತದೆ, ಮಗಳ. ಗಂಡನ ಜೀವ ಹೆಂಡತಿಯ ನಾಲಗೆಯ ಕೆಳಗೆ. ಏಳು ವರ್ಷ ಸಂಸಾರ ಮಾಡಿ ಅವಳು ಆ ಗಿಣಿಯನ್ನು ಒಮ್ಮೆಯೂ ಹಾರಬಿಟ್ಟಿರಲಿಲ್ಲ. ಅವನು ಎಲ್ಲೋ ಒಂದು ಹಾದಿಯಲ್ಲಿ ಗೇಣು ಆಯುಷ್ಯ ಹಿಡಿದುಕೊಂಡು ನಿಂತಿದ್ದರೆ? ಅದೇ ಗೇಣನ್ನು ತಾನು ಕಡಿದುಬಿಟ್ಟರೆ?

ದತ್ತಪ್ಪ ಬರೆಯುವ ಟಾಕನ್ನು ಮಸಿಯ ದೌತಿಯಲ್ಲಿ ಅದ್ದಿದ.

"ಹೇಳಂಗಿಲ್ಲಂದ್ರ ಬಿಡು, ತಂಗಿ," ಎಂದ ಬೀರಣ್ಣ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆಚ್ಚು ಹೆದರಿಸಿತು. "ಅಂವ ಇಲ್ಲ. ನಿನಗೂ ಗೊತ್ತದ."

ಹಣಮವ್ವ ಕದ ದಾಟಿ ಅಂಗಳಕ್ಕಿಳಿದಳು. ಸೆರಗು ಹಣೆಯ ತನಕ ಎಳೆದುಕೊಂಡು, ಅತ್ತೆಯ ತಲೆಯ ಬಳಿ ನಿಂತಳು. ಗಂಡನ ಹೆಸರನ್ನು ಬರಿಬಾಯಲ್ಲಿ ಆಡಬಾರದು. ಒಡಪು ಕಟ್ಟಿ ಅದರ ನಡುವೆ ಇಟ್ಟು ಹೇಳಿದರೆ ದೋಷವಿಲ್ಲ. ಆದರೆ ಒಡಪು ಮದುವೆಯದು, ಕುಬಸದ್ದು, ಗೆಳತಿಯರು ಬಾಗಿಲಿಗೆ ಅಡ್ಡ ನಿಂತು ನಕ್ಕು ಕೇಳುವಂಥದ್ದು. ಹೆಣದ ಮುಂದೆ ಒಡಪು ಹಾಕಿದವರನ್ನು ಆಳಂದ ಕಂಡಿರಲಿಲ್ಲ.

"ಅತ್ತಿ ಹೊಂಟಾಳ ಮಣ್ಣಿಗಿ,
ದೀಪ ಹಚ್ಚೇನಿ ಬಾಗಲಿಗಿ,
ಚಂದ್ರಾಮಪ್ಪನವರ ಹೆಸರು ಹೇಳತೇನಿ
ದಿಲ್ಲಿಗಿ ಹೋಗೋ ಯಾದಿಗಿ."

ಹುಚ್ಚು ಹಿಡಿಯಿತೆಂದು ಯಾರೋ ಮುದುಕಿ ಗೊಣಗಿದಳು. ದತ್ತಪ್ಪ ನಿಂಬೆವ್ವನ ಹೆಸರಿಗೆ ಗೀಟೆಳೆದು, ಅದರ ಕೆಳಗಿನ ಹೆಸರನ್ನು ಮುಟ್ಟದೆ ಬಿಟ್ಟ. ಮಸಿ ಹಚ್ಚಿ ಅವಳ ಹೆಬ್ಬೆರಳನ್ನು ಕಾಗದಕ್ಕೆ ಒತ್ತಿಸಿದಾಗ ಬೆರಳು ಒಂದು ಕಡೆ ನಿಲ್ಲಲಿಲ್ಲ. ಗುರುತು ಎರಡು ಬೆರಳಗಲ ಹರಡಿತು.

"ನಡೀತದ," ಎಂದ ದತ್ತಪ್ಪ.

ಹಣಮವ್ವನ ಬಾಯಿ ಬರಿದಾಗಿತ್ತು. ಇಷ್ಟು ದಿನ ನಾಲಗೆಯ ಕೆಳಗೆ ಬೆಚ್ಚಗಿದ್ದದ್ದು ಈಗ ಹೊರಗೆ, ಬಿಸಿಲಲ್ಲಿ, ಎಲ್ಲರ ನಡುವೆ ಇತ್ತು. ಅದನ್ನು ಕಾಯಲು ಇನ್ನು ಅವಳಿಂದಾಗದು. ಪೀರಬಿ ಬಂದು ಅವಳ ರಟ್ಟೆ ಹಿಡಿದುಕೊಂಡಳು.

ಡೊಳ್ಳು ಸುರುವಾಯಿತು. ಮೂವರು ಚಟ್ಟಕ್ಕೆ ಹೆಗಲು ಕೊಟ್ಟರು. ಮುಂದಿನ ಬಲಗಡೆಯ ಬಿದಿರಿನ ಹತ್ತಿರ, ಮಗ ಹೆಗಲು ಕೊಡಬೇಕಾದ ಜಾಗದಲ್ಲಿ, ಬೀರಣ್ಣ ಬಹಳ ಹೊತ್ತು ನಿಂತ. ಹೆಗಲ ಮೇಲಿನ ಕಂಬಳಿಯನ್ನು ಒಮ್ಮೆ ತೆಗೆದ, ಮತ್ತೆ ಹಾಕಿಕೊಂಡ. ಸೊಸೆಯ ಕಡೆ ನೋಡಲಿಲ್ಲ. ಕಡೆಗೆ ಬಗ್ಗಿ, ಬಿದಿರನ್ನು ಕೈಯಲ್ಲಿ ಹಿಡಿದು ಎದೆಯ ಮಟ್ಟಕ್ಕೆ ಎತ್ತಿದ, ಹೆಗಲಿಗೇರಿಸಲಿಲ್ಲ.

ಮೂರು ಹೆಗಲ ಮೇಲೆ, ಒಂದು ಕೈಯಲ್ಲಿ, ನಿಂಬೆವ್ವ ಮಗನ ಮಗ್ಗುಲಿಗೆ ವಾಲಿಕೊಂಡು ಓಣಿ ದಾಟಿದಳು.